ನಲವತ್ತೊಂದು

ಕೆಂಪು ಜೇಡಿಮಣ್ಣಿನ ಉಂಡೆ ನಳಿಗೆಯೊಳಗೆ ಸಲೀಸಾಗಿ ಇಳಿಯಿತು. ಮುರಳೀಧರ ಮಗಳ ಪೆನ್ಸಿಲಿನಿಂದ ಅದನ್ನು ಒತ್ತಿ ಗಟ್ಟಿಮಾಡಿದ. ಇನ್ನೊಂದು ಉಂಡೆ ತುರುಕಿದ. ಹೊರಗಿನಿಂದ ನೋಡಿದರೆ ಏನೂ ಕಾಣದು. ಟ್ರಿಗರ್ ಒತ್ತಿದವರ ಮುಖದೆದುರೇ ಎಲ್ಲ ಸಿಡಿಯುತ್ತದೆ.

ರಿವಾಲ್ವರನ್ನು ಕಪ್ಪು ಪೆಟ್ಟಿಗೆಯಲ್ಲಿ ಮೊದಲಿದ್ದಂತೆ ಮಲಗಿಸಿ, ರವಿಕಿರಣನ ಪಿಕಪ್ ಟ್ರಕ್ಕಿನ ಹಿಂದಿನ ಸೀಟಿನಡಿ ತಳ್ಳಿದ. ಹಿಡಿಯ ಮೇಲೆ ಒಂದು ಗೀರೂ ಇರಲಿಲ್ಲ. ಈ ಸಲದ ಬೇಟೆಗೆ ಹೊಸ ಹಿಡಿ ಹಾಕಿಸಿ, ಉಜ್ಜಿ ಹೊಳಪು ಮಾಡಿಕೊಂಡು ಬಂದ ಶೋಕಿಲಾಲ, ಎಂದು ಹಲ್ಲು ಕಡಿದ.

ಅದು 2013ರ ನವೆಂಬರ್. ಅಮೆರಿಕದಲ್ಲಿ ಅವರಿದ್ದ ಕ್ಯಾರಿ ಊರಿನಿಂದ ಮೂರು ಗಂಟೆಯ ದಾರಿಯಲ್ಲಿ, ಗುಡ್ಡದ ಮಗ್ಗುಲಿನ ಬಾಡಿಗೆ ಮನೆ. ಪ್ರತಿ ವರ್ಷ ಜಿಂಕೆಯ ಬೇಟೆಗೆ ಮುರಳೀಧರ, ಅವನ ಹೆಂಡತಿ ಶೈಲಜಾ, ಎಂಟು ವರ್ಷದ ಮಗಳು ಹರಿಣಿ, ಜೊತೆಗೆ ಆಫೀಸಿನ ಗೆಳೆಯ ರವಿಕಿರಣ ಇಲ್ಲಿಗೆ ಬರುತ್ತಿದ್ದರು. ಈ ಸಲ ಮುರಳೀಧರನ ಹುಟ್ಟುಹಬ್ಬವೂ ಬೇಟೆಯ ದಿನವೇ ಬಿದ್ದಿತ್ತು.

ಮೈಸೂರಿನಲ್ಲಿ ಮೊಟ್ಟೆ ಮುಟ್ಟದಿದ್ದವನಿಗೆ ಬೇಟೆಯ ಹುಚ್ಚು ಹಿಡಿಸಿದ್ದೇ ರವಿಕಿರಣ. ಅವನು ರೈಫಲ್ ಮುಟ್ಟುವವನಲ್ಲ. ಕೈಬಂದೂಕಿನಲ್ಲೇ ಬೇಟೆ. ಊರಿಗೆಲ್ಲ ಫಾರ್ಟಿ ಫೋರ್ ಅಳತೆಯ ಗುಂಡಾದರೆ ಅವನಿಗೆ ಮಾತ್ರ ಫಾರ್ಟಿ ಒನ್ ಮ್ಯಾಗ್ನಮ್. ಅದರ ಗುಂಡು ಅಂಗಡಿಯಲ್ಲಿ ಕೇಳಿದರೆ ಮಾರುವವನೇ ತಲೆ ಕೆರೆದುಕೊಳ್ಳುತ್ತಾನೆ. ಮೂರು ವರ್ಷದಲ್ಲಿ ರವಿ ಮೂರು ಗಂಡು ಜಿಂಕೆ ಉರುಳಿಸಿದ್ದ. ಮುರಳೀಧರ ತನ್ನ ರೈಫಲ್ಲಿನಲ್ಲಿ ಒಂದು ಮರದ ಕೊಂಬೆ ಮುರಿದಿದ್ದ. ಪ್ರತಿ ಸಲವೂ ಶೈಲಜಾ ರವಿಗೆ ಚಪ್ಪಾಳೆ ತಟ್ಟುತ್ತಿದ್ದಳು. ಮುರಳೀಧರ ಆ ರಿವಾಲ್ವರಿನಿಂದ ಕಣ್ಣು ಕೀಳದಿರುವುದನ್ನೂ ಅವಳು ಕಂಡಿದ್ದಳು. ಅವನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಆಮೇಲೆ ಶನಿವಾರಗಳು ಶುರುವಾದವು. ಯೋಗ ಕ್ಲಾಸ್ ಎಂದು ಹೋದವಳು ಮಧ್ಯಾಹ್ನ ಮರಳುವಾಗ ಅವಳ ಕೂದಲಲ್ಲಿ ರವಿಯ ಟ್ರಕ್ಕಿನದೇ ವಾಸನೆ. ಏನು ಕೇಳಿದರೂ "ಏನಂದ್ರಿ?" ಎಂದು ಎರಡೆರಡು ಸಲ ಕೇಳುವಳು, ಮನಸ್ಸು ಬೇರೆಲ್ಲೋ ಇದ್ದವರ ಹಾಗೆ. ಒಂದು ದಿನ ಮಣಿಕಟ್ಟು ಊದಿತ್ತು.

"ಯೋಗದಲ್ಲಿ ಉಳುಕ್ತು ಕಣ್ರೀ," ಎಂದಳು, ಮುಖ ತಪ್ಪಿಸಿ.

ಹತ್ತು ದಿನದ ಹಿಂದೆ ಕಿವಿಗೆ ಬಿದ್ದದ್ದಂತೂ ಇನ್ನೂ ಘೋರವಾಗಿತ್ತು. ಅಡುಗೆಮನೆಯ ಮೇಜಿನಲ್ಲಿ ಹರಿಣಿ ಹೋಮ್‌ವರ್ಕ್ ಮಾಡುತ್ತಿದ್ದಳು. ಶೈಲಜಾ ಒಲೆಯ ಮುಂದೆ ನಿಂತು ಫೋನಿನಲ್ಲಿದ್ದಳು. ಸದಾ ಅರ್ಧ ಇಂಗ್ಲಿಷಿನಲ್ಲಿ ಮಾತಾಡುವವಳು ಅಂದು ಅಚ್ಚಗನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

"ಮದ್ದು ನಾನೇ ತೂಗಿದೆ ರವಿ. ಒಂದು ಚೂರು ಹೆಚ್ಚಾದ್ರೂ ಅಪಾಯ ಅಲ್ವಾ? ಇಲ್ಲಪ್ಪ, ಅವರಿಗೆ ಸುಳಿವೇ ಸಿಕ್ಕಿಲ್ಲ. ನಲವತ್ತೊಂದು ತುಂಬೋ ದಿನಾನೇ ಕೊಟ್ಬಿಡೋಣ."

ಮುರಳೀಧರ ಬಾಗಿಲ ಮರೆಯಲ್ಲೇ ನಿಂತು ಕೇಳಿದ. ನಂಜನಗೂಡಿನ ಅವನಜ್ಜಿಯ ಬೀದಿಯಲ್ಲಿ ಒಬ್ಬಳು ಗಂಡನಿಗೆ ಊಟದಲ್ಲಿ ಮದ್ದು ಹಾಕಿದಳಂತೆ. ಆ ಗಟ್ಟಿ ಆಳು ಆರು ತಿಂಗಳಲ್ಲಿ ಕಡ್ಡಿಯಾಗಿ ಸತ್ತನಂತೆ. ಚಿಕ್ಕಂದಿನಲ್ಲಿ ಆ ಕಥೆ ಕೇಳಿ ನಕ್ಕಿದ್ದ. ಈಗ ನಗು ಬರಲಿಲ್ಲ. ಅಂದಿನಿಂದ ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ. ಆಫೀಸಿನ ಬಳಿ ಸ್ಯಾಂಡ್‌ವಿಚ್ ತಿಂದು ಬದುಕಿದ. ಹೆಂಡತಿಯೂ ಹೋದಳು, ಪ್ರಾಣವೂ ಹೋಗುವುದರಲ್ಲಿತ್ತು. ಸುಮ್ಮನೆ ಕೂರಲು ಅವನೇನು ಸನ್ಯಾಸಿಯೇ?

ಈಗ ಕೈ ತೊಳೆದು ಬಂದು ಮೇಜಿಗೆ ಕುಳಿತ. ಶೈಲಜಾ ಶಾವಿಗೆ ಪಾಯಸದ ಬಟ್ಟಲನ್ನು ಮುಂದಿಟ್ಟಳು.

"ಇವತ್ತಾದ್ರೂ ಬಾಯಿಗೆ ಹಾಕ್ಕೊಳ್ರೀ. ಎಷ್ಟು ಸೊರಗಿಹೋಗಿದೀರಿ ನೋಡಿ."

ರವಿಕಿರಣ ದಪ್ಪ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತ. "ಮುರಳಿ, ಇವತ್ತಿನ ಮೊದಲ ಈಡು ಕೇಳಿಸ್ಕೊಳ್ಳಿ. ಜನ್ಮದಲ್ಲಿ ಮರೆಯಲ್ಲ ನೀವು."

"ನೀನೂ ಮರೆಯಲ್ಲ," ಎಂದ ಮುರಳೀಧರ. "ಚೆನ್ನಾಗಿ ಗುರಿ ಇಡು."

ರವಿ ಟ್ರಕ್ಕಿನ ಕಡೆ ನಡೆದ. ಶೈಲಜಾಳೂ "ಬಂದೆ, ಒಂದ್ನಿಮಿಷ" ಎಂದು ಅವನ ಹಿಂದೆಯೇ ಹೊರಟಳು. ಹೋಗಲಿ, ಕಣ್ಣಾರೆ ನೋಡಲಿ. ಮುರಳೀಧರ ಪಾಯಸವನ್ನು ಸಿಂಕಿಗೆ ಸುರಿದು, ನೀರು ಬಿಟ್ಟು, ಈಡಿನ ಸದ್ದಿಗಾಗಿ ಕಾದು ಕುಳಿತ. ಹತ್ತು ದಿನದಲ್ಲಿ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಬಾಗಿಲು ತೆರೆಯಿತು. ಒಳಬಂದದ್ದು ರವಿಕಿರಣ.

"ಕ್ಯಾಮೆರಾ ಮರೆತೆ," ಎಂದು ಜಾಕೆಟ್ ಬಿಚ್ಚಿ ಜೇಬು ತಡಕಿದ. ಸೊಂಟದಲ್ಲಿ ರಿವಾಲ್ವರ್ ಇತ್ತು. ಅದೇ ಹಳೆಯದು, ಹಿಡಿಯ ತುಂಬ ಗೀರು, ಕೆಳಗೆ ಕಪ್ಪು ಟೇಪು ಸುತ್ತಿತ್ತು.

ಮುರಳೀಧರ ಆ ಹಿಡಿಯನ್ನೇ ನೋಡಿದ. "ಅದು... ಪೆಟ್ಟಿಗೇಲಿರೋದು ಯಾರ್ದು?"

"ಸರ್‌ಪ್ರೈಸ್!" ಹರಿಣಿ ಕಾರ್ಡು ಹಿಡಿದು ಕುಣಿಯುತ್ತ ಬಂದಳು. "ಅಪ್ಪಾ, ಫಾರ್ಟಿ ಒನ್ ಫಾರ್ ಫಾರ್ಟಿ ಒನ್! ಅದು ನಿಂದು! ನಾನ್ ನಿಂಗೆ ಹೇಳ್ಬಿಡ್ತೀನಿ ಅಂತ ಅಮ್ಮ ನನ್ ಮುಂದೆ ಗನ್, ಪೌಡರ್ ಏನೂ ಹೇಳ್ಲೇ ಇಲ್ಲ. ಓನ್ಲಿ ಹಾರ್ಡ್ ಕನ್ನಡ. ಸೋ ನಾಟ್ ಫೇರ್!"

ರವಿ ನಕ್ಕ. "ಗುಂಡಿಗೆ ಮದ್ದು ತೂಗಿ ತುಂಬಿದ್ದೂ ಅವರೇ ಮುರಳಿ. ಆರು ಶನಿವಾರ ಶೂಟಿಂಗ್ ರೇಂಜಿಗೆ ಬಂದು, ಕೈ ಊದಿಸ್ಕೊಂಡು ಕಲಿತ್ರು. ನಿಮ್ಮ ಗನ್ನಿನ ಮೊದಲ ಈಡು ತಾನೇ ಹೊಡೆದು ಕೊಡ್ಬೇಕು ಅಂತ ಹಟ."

ಮುರಳೀಧರ ಕುರ್ಚಿ ಉರುಳಿಸಿ ಬಾಗಿಲಿಗೆ ಹಾರಿದ. ಹೆಂಡತಿಯ ಹೆಸರನ್ನು ಪ್ರಾಣವೇ ಬಾಯಿಗೆ ಬಂದವನಂತೆ ಕೂಗಿದ. ಅಂಗಳದಾಚೆ ಶೈಲಜಾ ಎರಡೂ ಕೈಯಲ್ಲಿ ಹೊಸ ರಿವಾಲ್ವರನ್ನು ಎತ್ತಿ ಹಿಡಿದಿದ್ದಳು. ಅವನನ್ನು ಕಂಡು ನಕ್ಕಳು, ಮತ್ತೆ ಗುರಿಯ ಕಡೆ ತಿರುಗಿದಳು.

ಅವಳ ಕಿವಿಗಳನ್ನು ಸದ್ದು ತಡೆಯುವ ದಪ್ಪನೆಯ ಮಫ್ ಮುಚ್ಚಿತ್ತು.