ಹಿತ್ತಾಳೆ ಗುಂಡಿ

ಅಡುಗೆಯ ದೊಡ್ಡಮ್ಮ ಫ್ರೀಜರಿನ ಮುಚ್ಚಳ ಎತ್ತಿ, ಕೋಳಿ ಮಾಂಸದ ಚೀಲಗಳ ಹಿಂದೆ ಕೈ ಹಾಕಿ, ಒಂದು ಗಾಜಿನ ಲೋಟ ಹೊರಗೆ ತೆಗೆದಳು. ಲೋಟದ ತುಂಬ ಮಂಜುಗಡ್ಡೆ. ಆ ಗಡ್ಡೆಯ ನೆತ್ತಿಯ ಮೇಲೆ ಕೂತಿರಬೇಕಾಗಿದ್ದ ಹಿತ್ತಾಳೆ ಗುಂಡಿ ಲೋಟದ ತಳ ಸೇರಿ ಅಲ್ಲೇ ಹೆಪ್ಪುಗಟ್ಟಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. ಎರಡು ಸಲವೂ ತಳದಲ್ಲೇ ಇತ್ತು.

"ಸಾರ್, ಈ ಮಾಂಸ ಬೇಡ. ಕೆಟ್ಟಿದೆ."

ಹೆರಿಗೆ ಆಸ್ಪತ್ರೆಯ ಅಡುಗೆಮನೆಗೆ ಮೇಲ್ವಿಚಾರಕನಾಗಿ ಬಂದವನನ್ನು ಎಲ್ಲರೂ ಬೆನ್ನ ಹಿಂದೆ ಸರ್ಟಿಫಿಕೇಟ್ ಸಾರ್ ಎನ್ನುತ್ತಿದ್ದರು. ಆತ ಜೇಬಿನಲ್ಲಿದ್ದ ಥರ್ಮಾಮೀಟರಿನ ಮೊನೆಯನ್ನು ಮಾಂಸದ ಚೀಲಗಳ ನಡುವೆ ತೂರಿಸಿ, ಅಂಕಿ ಓದಿ, ಗೆದ್ದವನ ಹಾಗೆ ಎದೆ ಉಬ್ಬಿಸಿದ. "ಮೈನಸ್ ಹದಿನೆಂಟು! ಕಲ್ಲಿನ ಹಾಗಿದೆ. ಎಲ್ಲಿ ಕೆಟ್ಟಿದೆ?"

"ಈಗ ಕಲ್ಲೇ. ನಡುವೆ ಒಂದು ಸಲ ನೀರಾಗಿತ್ತು."

"ನೀವು ನೋಡಿದ್ರಾ?"

"ನಾನು ನೋಡ್ಲಿಲ್ಲ. ಗುಂಡಿ ನೋಡಿದೆ."

ನೀರು ಗಟ್ಟಿಯಾದ ಮೇಲೆ ಗುಂಡಿಯನ್ನು ಅದರ ಮೇಲಿಡುವುದು. ಗಡ್ಡೆ ಕರಗಿದರೆ ಗುಂಡಿ ಮುಳುಗುತ್ತದೆ. ಆಮೇಲೆ ನೀರು ಎಷ್ಟೇ ಗಟ್ಟಿಯಾಗಲಿ, ಮುಳುಗಿದ್ದು ಮೇಲೇಳುವುದಿಲ್ಲ. ದೊಡ್ಡಮ್ಮನಿಗೆ ಇದು ಯಾರೋ ಕಲಿಸಿದ ವಿದ್ಯೆಯಲ್ಲ. ಮೂವತ್ತು ವರ್ಷದ ಹಿಂದೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೀಗೇ ಕರಗಿ ಗಟ್ಟಿಯಾದ ಮಾಂಸ ತಿಂದು, ಹತ್ತೊಂಬತ್ತು ಜನ ವಾಂತಿ ಮಾಡಿಕೊಂಡು ವರಾಂಡದಲ್ಲಿ ಸಾಲಾಗಿ ಮಲಗಿದ್ದರು. ಬೇಯಿಸಿ ಎಂದು ಸಹಿ ಹಾಕಿದವನಿಗೆ ಬಡ್ತಿ ಬಂತು. ಬೇಯಿಸಿದವಳ ಕೆಲಸ ಹೋಯಿತು. ಬೇಯಿಸಿದವಳು ಅವಳ ಅಕ್ಕ. ಅವತ್ತಿನಿಂದ ದೊಡ್ಡಮ್ಮ ಯಾವ ಅಡುಗೆಮನೆಗೆ ಹೋದರೂ ಗುಂಡಿ ಅವಳ ಜೊತೆ ಹೋಗುತ್ತಿತ್ತು. ಅದು ಗಂಡನ ಕಾವಲು ಕೋಟಿನದು. ಗಂಡ ಕಾವಲಿನಲ್ಲಿ ಗೊರಕೆ ಹೊಡೆದವನು. ಗುಂಡಿ ಮಾತ್ರ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ.

"ದೊಡ್ಡಮ್ಮ, ಇದೆಲ್ಲ ಅಜ್ಜಿ ಕಾಲದ್ದು," ಎಂದು ಆತ ನಕ್ಕು, ಫ್ರೀಜರಿನ ಮೇಲಿನ ಗೋಡೆಯಲ್ಲಿ ಅಂಟಿಸಿದ್ದ ಹಾಳೆಗೆ ಬೆರಳು ತಟ್ಟಿದ. "ನೋಡಿ. ನಾಲ್ಕು ಗಂಟೆಗೊಂದು ಸಲ ಬರೆದಿದೆ. ಶನಿವಾರ ಮೈನಸ್ ಹದಿನೆಂಟು, ಭಾನುವಾರ ಮೈನಸ್ ಹದಿನೆಂಟು. ಇದಕ್ಕೆ ದಾಖಲೆ ಅಂತಾರೆ."

ದೊಡ್ಡಮ್ಮನಿಗೆ ಅಕ್ಷರ ಕಡಿಮೆ, ಅಂಕಿ ಬರುತ್ತಿತ್ತು. ಎಲ್ಲ ಒಂದೇ ಪೆನ್ನು, ಒಂದೇ ಓರೆ. "ಎರಡು ದಿನ ಅಡುಗೆಮನೆಗೆ ಬೀಗ ಇತ್ತಲ್ಲ ಸಾರ್, ಒಳಗೆ ಬಂದು ಬರೆದೋರು ಯಾರು? ಇಲಿಗಳಾ?"

ಬೀಗ ಹಾಕಿದ್ದಕ್ಕೂ ಕಾರಣವಿತ್ತು. ಶುಚಿಯಾದ ಅಡುಗೆಮನೆ ಎಂದು ಆಸ್ಪತ್ರೆಗೆ ಪ್ರಶಸ್ತಿ ಬಂದಿತ್ತು. ಅತಿಥಿಗಳು ಬರುವ ಹೊತ್ತಿಗೆ ಎಲ್ಲಾದರೂ ಕಲೆ ಬಿದ್ದೀತೆಂದು ಎರಡು ದಿನ ಒಲೆಯನ್ನೇ ಹಚ್ಚಲಿಲ್ಲ. ಬಾಣಂತಿಯರಿಗೆ ಹಾಲು, ಬ್ರೆಡ್ಡು. ದೊಡ್ಡಮ್ಮ ಗೋಡೆಯ ಬುಡಕ್ಕೆ ಕೈ ತೋರಿಸಿದಳು. ಫ್ರೀಜರಿನ ಪ್ಲಗ್ಗಿನ ಪಕ್ಕದಲ್ಲಿ ಕೆಂಪು ವೈರೊಂದು ಇನ್ನೂ ಬಿದ್ದಿತ್ತು. ಅದರ ಇನ್ನೊಂದು ತುದಿ ಕಿಟಕಿ ಹಾರಿ, ಅಂಗಳದ ವೇದಿಕೆಯವರೆಗೆ ಹೋಗಿತ್ತು. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯ ತನಕ ಶುಚಿತ್ವದ ಮೇಲೆ ಭಾಷಣ ಬಿಗಿದ ಮೈಕು, ಫ್ರೀಜರಿನ ಪ್ಲಗ್ಗು ಕಿತ್ತು, ಕರೆಂಟು ಕುಡಿದದ್ದು ಇಲ್ಲಿಂದಲೇ.

ಸರ್ಟಿಫಿಕೇಟ್ ಸಾರ್ ವೈರನ್ನು ಕಾಲಲ್ಲಿ ಮೆಲ್ಲಗೆ ಮೂಲೆಗೆ ತಳ್ಳಿದ. "ಇರಲಿ ಬಿಡಿ. ಚೆನ್ನಾಗಿ ಕುದಿಸಿದ್ರೆ ಎಲ್ಲ ಕ್ರಿಮಿ ಸಾಯ್ತವೆ."

"ಹಾವು ಸತ್ರೆ ವಿಷವೂ ಸಾಯುತ್ತಾ ಸಾರ್?"

"ನೀವು ಅಡುಗೆಯವರು. ಹೇಳಿದಷ್ಟು ಮಾಡಿ."

"ಆಗಲಿ," ಎಂದಳು ದೊಡ್ಡಮ್ಮ.

ಅವಳು ಒಂದು ತುಂಡನ್ನು ಮಾತ್ರ ತೆಗೆದು, ಚಿಕ್ಕ ಪಾತ್ರೆಯಲ್ಲಿ ಕುದಿಸಿ, ತಟ್ಟೆಗೆ ಹಾಕಿ ತಂದಳು. ವಾರ್ಡಿಗೆ ಊಟ ಹೋಗುವ ಮುಂಚೆ ಮೇಲ್ವಿಚಾರಕ ತಿಂದು ನೋಡಿ ಸಹಿ ಹಾಕಬೇಕು, ಅದು ಅಲ್ಲಿಯ ನಿಯಮ. ಆತ ಆರು ತಿಂಗಳಿಂದ ಸಹಿಯನ್ನಷ್ಟೇ ಹಾಕುತ್ತಿದ್ದ. ತಿನ್ನುತ್ತಿದ್ದದ್ದು ಮನೆಯಿಂದ ತಂದ ಡಬ್ಬಿಯ ಊಟ. ಇವತ್ತು ದೊಡ್ಡಮ್ಮ ಕುರ್ಚಿಯನ್ನೂ ಎಳೆದು ಹಾಕಿದಳು, ಚಮಚವನ್ನೂ ಕೈಗೆ ಕೊಟ್ಟಳು.

"ರುಚಿ ನೋಡಿ ಸಾರ್. ಮೇಲೆ ನಲವತ್ತೆರಡು ಬಾಣಂತಿಯರು ಕಾಯ್ತಿದಾರೆ. ನೀವು ತಿಂದ್ರೆ ನಾನು ಒಲೆ ಹಚ್ಚತೀನಿ."

ಚಮಚ ಮೇಲೆದ್ದಿತು. ಬಾಯಿಗೆ ಇನ್ನೊಂದು ಗೇಣು ಇರುವಾಗ ನಿಂತಿತು. ಆತ ದೊಡ್ಡಮ್ಮನ ಮುಖ ನೋಡಿದ, ತಟ್ಟೆ ನೋಡಿದ, ಕೊನೆಗೆ ಗುಂಡಿಯನ್ನೂ ನೋಡಿದ. "ನಂಗೆ ಯಾಕೋ ಹೊಟ್ಟೆ ಸರಿಯಿಲ್ಲ."

"ಇನ್ನೂ ತಿಂದೇ ಇಲ್ವಲ್ಲ ಸಾರ್!"

ಅವತ್ತು ಹೊಂಡ ತೋಡಿ ಮಾಂಸ ಹೂತದ್ದಾಯಿತು, ಬಾಣಂತಿಯರಿಗೆ ಮೊಟ್ಟೆ ಬೇಯಿಸಿದ್ದಾಯಿತು. ಮೇಲ್ವಿಚಾರಕರು ಸಕಾಲದಲ್ಲಿ ಪತ್ತೆ ಹಚ್ಚಿದರು ಎಂದು ದಾಖಲೆಯಲ್ಲಿ ಬರೆದದ್ದೂ ಆಯಿತು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಬಂದಾಗ ತೊಳೆಯುವ ಕಲ್ಲಿನ ಮೇಲೆ ಲೋಟ ಬೋರಲು ಬಿದ್ದಿತ್ತು, ಗುಂಡಿ ಅದರ ಪಕ್ಕದಲ್ಲಿ. ಫ್ರೀಜರಿನ ಮೇಲೆ ಹೊಸ ಸೂಚನೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಆಹಾರವಲ್ಲದ ಯಾವುದೇ ವಸ್ತುವನ್ನು ಒಳಗೆ ಇಡಕೂಡದು." ಗುಂಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ಸೂಚನೆಯ ಪಕ್ಕದಲ್ಲೇ ಹೊಸ ಹಾಳೆಯೂ ಇತ್ತು. ಅವಳು ಅದರಲ್ಲಿ ಗೆರೆ ಎಳೆದ ಮನೆಮನೆಯ ಮೇಲೂ ಬೆರಳಾಡಿಸುತ್ತ ಹೋದಳು. ಇವತ್ತಿನ ಮನೆಗಳೆಲ್ಲ ತುಂಬಿದ್ದವು. ನಾಳೆ ನಡುರಾತ್ರಿಯ ಮನೆಯಲ್ಲೂ ಆಗಲೇ ಮೈನಸ್ ಹದಿನೆಂಟು ಬಂದು ಕೂತಿತ್ತು.