ಹದಿನೇಳನೇ ಕೋಣೆಯ ಹರಾಜು

“ಗೇಟಿನಿಂದಾಚೆ ನಡಿ. ಇನ್ನೊಂದು ಹೆಜ್ಜೆ ಒಳಗಿಟ್ರೆ ಪೊಲೀಸರನ್ನ ಕರೀತೀನಿ.”

ನೇಡೀನ್ ಟ್ರಾಸ್ಕ್ ಬೀಗ ಕತ್ತರಿಸುವ ಉದ್ದ ಕತ್ತರಿಯನ್ನು ಹೆಗಲಿನಿಂದ ಇಳಿಸದೆಯೇ ಹೇಳಿದಳು. ಎದುರಿಗಿದ್ದ ಯುವಕ ಟೋಪಿ ತೆಗೆದು ಎದೆಗೊತ್ತಿಕೊಂಡ. ಲಬಕ್ ಊರಿನ ಧೂಳುಗಾಳಿಗೆ ಅವನ ಕಣ್ಣು ಕೆಂಪಾಗಿತ್ತು. ಅತ್ತಿದ್ದರೂ ಅತ್ತಿರಬಹುದು.

“ನನ್ನ ಸಂಸಾರವೇ ಆ ಕೋಣೆಯೊಳಗಿದೆ, ಮೇಡಂ.”

“ನಡಿ ಅಂದೆ.”

ಹರಾಜಿಗೆ ಬಂದವರು ಮುಖ ತಿರುಗಿಸಿಕೊಂಡರು. ಬಾಡಿಗೆ ಕಟ್ಟದವರ ಸಾಮಾನು ಮಾರುವ ದಿನ ಇಂಥ ಗೋಳು ಮಾಮೂಲು. ಓಡೆಲ್ ಪಿಕನ್ಸ್ ಮಾತ್ರ ನೋಡುತ್ತಲೇ ನಿಂತ. ಜನ ಸಾಮಾನು ಇಡಲು ಬಾಡಿಗೆಗೆ ಪಡೆಯುವ ಇಂಥ ಗೋದಾಮುಗಳ ಕೋಣೆಗಳನ್ನು ಹರಾಜಿನಲ್ಲಿ ಹಿಡಿದು, ಸಿಕ್ಕಿದ್ದನ್ನು ಭಾನುವಾರದ ಸಂತೆಯಲ್ಲಿ ಮಾರುವುದು ಅವನ ಕಸುಬು. ನೇಡೀನ್ ಇಲ್ಲಿನ ಮ್ಯಾನೇಜರು. ಮುರಿದ ಸೋಫಾ ಒಂದನ್ನು ಬಿಟ್ಟುಹೋದನೆಂದು ಅವಳು ಹೋದ ವರ್ಷವಿಡೀ ಅವನನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ. ಅಂದಿನಿಂದ ಇಬ್ಬರಿಗೂ ಹಾವು ಮುಂಗುಸಿಯ ನಂಟು.

“ಕರುಳು ಅನ್ನೋದು ಇದೆಯೇನೇ ನಿನಗೆ?” ಎಂದ ಓಡೆಲ್.

“ನಿನ್ನ ಕೆಲಸ ನೋಡ್ಕೋ. ಇವತ್ತೂ ಕಸ ಬಿಟ್ಟು ಹೋದೆಯೋ, ಮತ್ತೆ ಈ ಕಡೆ ತಲೆ ಹಾಕ್ಬೇಡ.”

ಹದಿನೇಳನೇ ಕೋಣೆಯ ಬೀಗ ಕಡಿದು ಬಿತ್ತು. ತಗಡಿನ ಬಾಗಿಲು ಸದ್ದು ಮಾಡುತ್ತಾ ಮೇಲೆದ್ದಿತು. ಮಕ್ಕಳ ಮಂಚ, ಹೊಲಿಗೆ ಯಂತ್ರ, ರಟ್ಟಿನ ಪೆಟ್ಟಿಗೆಗಳು. ಲಾಭದ ಸರಕಲ್ಲ. ಆದರೂ ಓಡೆಲ್ ಹಟಕ್ಕೆ ಬಿದ್ದವನಂತೆ ಬೆಲೆ ಕೂಗುತ್ತಲೇ ಹೋದ. ಉಳಿದವರು ಭುಜ ಕುಣಿಸಿ ಹಿಂದೆ ಸರಿದರು. ಕೋಣೆ ಅವನದಾಯಿತು.

ನೇಡೀನ್ ಹತ್ತಿರ ಬಂದಳು. ಒಮ್ಮೆ ಗೇಟಿನ ಕಡೆ ನೋಡಿ ದನಿ ತಗ್ಗಿಸಿದಳು. “ಫೋಟೋ, ಕಾಗದ, ಬಟ್ಟೆಬರೆ, ಏನು ಸಿಕ್ಕಿದ್ರೂ ನನ್ನ ಆಫೀಸಿಗೆ ತಂದಿಡು. ಹೊರಗೆ ನಿಂತಿದ್ದಾನಲ್ಲ, ಅವನ ಕೈಗೆ ಒಂದು ಗುಂಡಿ ಕೂಡ ಕೊಡಕೂಡದು.”

“ಅವನ ಸಾಮಾನು ತಾನೇ?”

“ಯಾರದು ಅಂತ ನಾನು ಬಾಯಿ ಬಿಡೋ ಹಾಗಿಲ್ಲ. ಕೊಡ್ಬೇಡ ಅಂದ್ರೆ ಕೊಡ್ಬೇಡ.”

ಓಡೆಲ್ ಟ್ರಕ್ಕಿಗೆ ಸಾಮಾನು ತುಂಬಿದ. ಮೊದಲ ಹೊರೆಯೊಂದಿಗೆ ಗೇಟು ದಾಟಿ ತಿರುವಿಗೆ ಬಂದಾಗ ಯುವಕ ರಸ್ತೆಬದಿಯಲ್ಲಿ ಕಾಯುತ್ತಿದ್ದ. ಓಡೆಲ್ ಟ್ರಕ್ಕು ನಿಲ್ಲಿಸಿದ.

“ಪೇಪರಿನ ಹರಾಜು ಪ್ರಕಟಣೆಯಲ್ಲಿ ನೋಡಿದ್ರಲ್ಲ ಯಜಮಾನ್ರೇ, ಆರ್. ಸ್ಟೋವಾಲ್ ಅಂತ?” ಯುವಕ ಡ್ರೈವಿಂಗ್ ಲೈಸೆನ್ಸ್ ಚಾಚಿದ. ರೇ ಸ್ಟೋವಾಲ್. “ಎಣ್ಣೆಬಾವಿ ಕೆಲಸದಲ್ಲಿ ಬಿದ್ದು ಬೆನ್ನು ಹೋಯ್ತು. ನನಗೇನೂ ಬೇಡ. ಮಗಳದ್ದು ಏನಾದರೊಂದು ಕೊಡಿ, ಸಾಕು. ಐದು ವರ್ಷದ ಕೂಸು.”

ಓಡೆಲ್ ಟ್ರಕ್ಕಿನ ಬಾಗಿಲು ತೆರೆದ. ಇಳಿದು ಹಿಂದಕ್ಕೆ ಹೋಗಿ ಒಂದು ಪೆಟ್ಟಿಗೆ ಬಿಚ್ಚಿದ. ಮೇಲೆಯೇ ಕೆಂಪು ಅಂಗಿಯೊಂದಿತ್ತು, ಚೆಂಡಾಟದ ತಂಡದ್ದು. ಐದು ವರ್ಷದ ಮಗುವಿಗೆ ದೊಡ್ಡದೇ.

“ಕ್ಲೋವಿಸ್ ಬಾಲಕಿಯರು,” ಬೆನ್ನ ಮೇಲಿನ ಅಕ್ಷರಗಳನ್ನು ಓಡೆಲ್ ಗಟ್ಟಿಯಾಗಿ ಓದಿದ. “ಪರವಾಗಿಲ್ವೇ, ಆ ಊರಿನ ತಂಡಕ್ಕೇ ಆಡ್ತಾಳೆ ನಿನ್ನ ಮಗಳು!”

ರೇ ಅಂಗಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಬೆನ್ನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ.

“ಕ್ಲೋವಿಸ್,” ಎಂದ ಮೆಲ್ಲಗೆ. “ಎಷ್ಟು ಬೇಗ ಬೆಳೀತಾವೆ ಮಕ್ಕಳು.”

ಓಡೆಲ್‌ನ ಕೈ ಕುಲುಕಿ, ಅವನು ತನ್ನ ಪಿಕಪ್ ಹತ್ತಿ ಹೊರಟುಹೋದ. ಓಡೆಲ್‌ಗೆ ಎದೆ ಹಗುರಾಯಿತು. ಒಂದು ಪುಣ್ಯದ ಕೆಲಸವೂ ಆಯಿತು, ಆ ನೇಡೀನಳ ಸೊಕ್ಕು ಮುರಿದಂತೆಯೂ ಆಯಿತು.

ಎರಡನೇ ಹೊರೆಗೆಂದು ಮರಳಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ರಸ್ತೆ ಖಾಲಿಯಾಗಿದ್ದನ್ನು ಅವಳೂ ಕಂಡಿದ್ದಳು.

“ಅವನಿಗೆ ಏನು ಕೊಟ್ಟೆ?”

“ಮಗಳ ಹಳೇ ಅಂಗಿ. ಕೊಟ್ಟೆ ಕಣೇ, ಏನೀಗ? ತಂದೆ ಅವನು!”

ನೇಡೀನ್ ಬೈಯಲಿಲ್ಲ. ಗೋಡೆಗೊರಗಿ ಹಾಗೇ ಕುಸಿದು ಕುಳಿತಳು.

“ಈ ಕೋಣೆ ಬಾಡಿಗೆಗೆ ಹಿಡಿದಿದ್ದು ರೊವೀನಾ ಸ್ಟೋವಾಲ್. ಅವನ ಹೆಂಡ್ತಿ. ದವಡೆ ಮುರಿದಿತ್ತು ಓಡೆಲ್, ಮಾತಾಡೋಕೂ ಆಗ್ದೆ ಬರೆದು ತೋರಿಸಿದ್ಲು. ನಾಲ್ಕು ವರ್ಷದಿಂದ ಮಗು ಎತ್ಕೊಂಡು ಅವನ ಕಣ್ಣು ತಪ್ಪಿಸಿ ಬದುಕ್ತಿದ್ದಾಳೆ. ಆಗೊಮ್ಮೆ ಈಗೊಮ್ಮೆ ರಾತ್ರಿ ಬಂದು ಪೆಟ್ಟಿಗೆ ಇಟ್ಟು ಹೋಗ್ತಿದ್ಲು. ಹೆಸರು ಪೇಪರಿಗೆ ಹೋಗದಿರಲಿ ಅಂತ ಎಷ್ಟೋ ತಿಂಗಳ ಬಾಡಿಗೆ ನಾನೇ ಕಟ್ಟಿದೆ. ಕಂಪನಿಗೆ ಗೊತ್ತಾಗಿ ನಿಲ್ಲಿಸಿಬಿಟ್ರು. ಅವಳು ಯಾವೂರಲ್ಲಿದ್ದಾಳೆ ಅಂತ ನನಗೂ ಹೇಳಿಲ್ಲ. ಯಾರಿಗೂ ಗೊತ್ತಿಲ್ಲ.”

ಓಡೆಲ್ ಖಾಲಿ ರಸ್ತೆಯ ಕಡೆ ತಿರುಗಿ ನೋಡಿದ.

“ಪೊಲೀಸರಿಗೆ ಫೋನ್ ಮಾಡು, ನೇಡೀನ್,” ಎಂದ. “ಕ್ಲೋವಿಸ್ ಅಂತ ಹೇಳು.”