ಯಾವಾಗಿನಿಂದ?

“ಯಾವಾಗಿಂದ ಹೀಗೆ ಅಳ್ತಿದಾನೆ?” ಎಂದು ಡಾಕ್ಟರ್ ಕೇಳಿದಾಗ ಔಷಧಿ ಅಂಗಡಿಯವನು, “ಇವತ್ತು ಬೆಳಗ್ಗೆಯಿಂದ” ಎಂದುಬಿಟ್ಟ. ಎಂಟು ತಿಂಗಳ ಮಗನನ್ನು ಎದೆಗವಚಿಕೊಂಡಿದ್ದ ಹೆಂಡತಿ ಅವನ ಮುಖ ನೋಡಿದಳು. ಆಸ್ಪತ್ರೆಗೆ ಹೋಗೋಣವೆಂದು ಅವಳು ಮೊನ್ನೆಯೇ ಅಂದಿದ್ದಳು. “ದಿನಾ ನೂರು ಜನಕ್ಕೆ ಔಷಧಿ ಕೊಡೋನು ನಾನು. ನನಗೇ ಹೇಳಿಕೊಡ್ತೀಯಾ?” ಎಂದು ಅವನು ಮಗುವಿಗೆ ಹೊಟ್ಟೆನೋವಿನ ಹನಿ ಹಾಕಿ ಅವಳ ಬಾಯಿ ಮುಚ್ಚಿಸಿದ್ದ.

“ಕರುಳೊಳಗೆ ಕರುಳು ಸಿಕ್ಕಿಕೊಂಡಿದೆ. ಇವತ್ತೇ ಶುರುವಾಗಿದ್ದರೆ ಗುದದ್ವಾರದಿಂದ ಗಾಳಿ ಹಾಕಿ ಬಿಡಿಸೋಣ, ಆಪರೇಷನ್ ಬೇಕಾಗಲ್ಲ,” ಎಂದರು ಡಾಕ್ಟರ್. “ತಡವಾಗಿದ್ದರೆ ಮಾತ್ರ ಅದು ಅಪಾಯ. ಕರುಳು ಹರಿದುಹೋಗಬಹುದು.”

ನರ್ಸ್ ಮಗುವಿಗಾಗಿ ಕೈಚಾಚಿದಳು. ಅವನು ನಡುವೆ ತನ್ನ ಕೈ ಅಡ್ಡ ಹಿಡಿದ. “ಇವತ್ತಲ್ಲ ಸರ್, ಮೊನ್ನೆಯಿಂದ. ಇವಳು ಬಡ್ಕೊಂಡ್ಲು, ನಾನೇ ಕೇಳ್ಲಿಲ್ಲ.” ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚೀಟಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ, “ಥಿಯೇಟರ್ ರೆಡಿ ಮಾಡಿ” ಎಂದರು.

ಎರಡು ಗಂಟೆಯ ಆಪರೇಷನ್ ಮುಗಿಸಿ ಡಾಕ್ಟರ್ ಹೊರಬಂದು, “ಮಗು ಪಾರಾಯ್ತು” ಎಂದರು. ನರ್ಸ್ ಬಾಗಿಲು ತೆರೆದು, ಮಗುವನ್ನು ನೋಡಲು ಇಬ್ಬರಲ್ಲಿ ಯಾರಾದರೂ ಒಬ್ಬರು ಒಳಗೆ ಬರಬಹುದು ಎಂದಳು. ಬೆಳಗ್ಗೆಯವರೆಗೂ ಎಲ್ಲದಕ್ಕೂ ಮುಂದೆ ನುಗ್ಗುತ್ತಿದ್ದವನು ಬೆಂಚಿನಿಂದ ಏಳಲಿಲ್ಲ. “ನೀನು ಹೋಗು,” ಎಂದ, ಹೆಂಡತಿಯ ಚಪ್ಪಲಿಗಳನ್ನೇ ನೋಡುತ್ತಾ.